ಹಳೇಬಂದರಿನ ಮೆಟ್ಟಿಲ ಮೇಲೆ ಚಪ್ಪಲಿ ಸಾಲು

ಇದು ನಡೆದದ್ದು ಕಳೆದ ಜನವರಿಯ ಎರಡನೇ ಭಾನುವಾರ.

ಬೀರಮ್ಮನಿಗೆ ಒಬ್ಬನೇ ಮಗ, ಬೊಮ್ಮಯ್ಯ. ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು. ಅದೇ ತೊಂದರೆ. ಓರಗೆಯವರು ಯಾರೂ ಅವನನ್ನು ಎಲ್ಲಿಗೂ ಕರೆಯುತ್ತಿರಲಿಲ್ಲ. ಆ ದಿನ ಮಾತ್ರ ವಿಠೋಬ, ಹಮ್ಮಣ್ಣ ಇಬ್ಬರೂ ಬಾಗಿಲಿಗೆ ಬಂದರು.

"ಹೊಳೆಯಾಚೆ ಹಳೇಬಂದರು ನೋಡಲು ಹೊರಟಿದ್ದೇವೆ. ಬೊಮ್ಮಯ್ಯನೂ ಬರಲಿ. ಸರಿಯಾಗಿದ್ದರೆ ಮತ್ತೆ ಕರೀತೇವೆ. ಎಡವಟ್ಟು ಮಾಡಿದರೆ ಇದೇ ಕೊನೆ!" ಎಂದ ವಿಠೋಬ.

ಬೀರಮ್ಮ ಮಗನಿಗೆ ಹೊಸ ಚಪ್ಪಲಿ ಕೊಟ್ಟಳು. "ಮಗಾ, ದೋಣಿ ಹತ್ತುವಲ್ಲಿ ಮೊಣಕಾಲುದ್ದ ನೀರು. ಚಪ್ಪಲಿ ಕೈಯಲ್ಲಿ ಹಿಡಿದುಕೋ. ಬಿಡಬೇಡ!"

"ಹೂಂ ಆಯಿ!"

ಎಲ್ಲರ ಚಪ್ಪಲಿಗಳೂ ದೋಣಿಯವನ ಬುಟ್ಟಿಗೆ ಬಿದ್ದವು. ದೋಣಿಗೆ ಕೆಸರು ತಾಗಬಾರದೆಂದು ಅಲ್ಲಿಯ ರೂಢಿ. ಬೊಮ್ಮಯ್ಯನದು ಕೈಯಲ್ಲೇ.

ಆಚೆ ದಡದಲ್ಲಿ ಇಳಿದರೆ ಹಳೇಬಂದರಿನ ಕೋಟೆ. ನೀರಿನಂಚಿನಿಂದಲೇ ಏರುವ ಮೆಟ್ಟಿಲಲ್ಲಿ ಪಾಚಿ. ಹಮ್ಮಣ್ಣ ಜಾರಿದ. "ಹಿಡಿಯೋ! ಹಿಡಿಯೋ!"

"ಹಿಡಿದಿದ್ದೇನೆ!" ಎಂದ ಬೊಮ್ಮಯ್ಯ, ಎರಡೂ ಚಪ್ಪಲಿ ಎತ್ತಿ ತೋರಿಸಿ.

ಹಮ್ಮಣ್ಣ ನಾಲ್ಕು ಮೆಟ್ಟಿಲು ಉರುಳಿದ.

"ಪೆದ್ದೇ! ದಡ ಸೇರಿದ ಮೇಲೆ ಚಪ್ಪಲಿ ಇರಬೇಕಾದ್ದು ಕಾಲಲ್ಲಿ! ಹಾಕಿಕೋ, ತೆಗೀಬೇಡ!" ಎಂದ ವಿಠೋಬ.

ತೆಗೆಯಲಿಲ್ಲ. ಹಳೆಯ ಕಾಲದ ವ್ಯಾಪಾರಿಯೊಬ್ಬನ ಮನೆ ನೋಡಲು ಹೋದರು. ಮನೆಯ ಅಜ್ಜಿ ಬೆಲ್ಲ, ನೀರು ತರುತ್ತಿದ್ದಳು. ಬೊಮ್ಮಯ್ಯ ಚಪ್ಪಲಿಯಲ್ಲೇ ನಡುಮನೆಗೆ ನಡೆದ.

"ಅಯ್ಯಯ್ಯೋ! ಈಗಷ್ಟೇ ಒರೆಸಿದ ನೆಲ!"

ಬೆಲ್ಲವೂ ಇಲ್ಲ, ನೀರೂ ಇಲ್ಲ. ಮೂವರೂ ಬೀದಿಯಲ್ಲಿ.

"ಪೆದ್ದೇ! ಒಳಗೆ ಹೋಗುವ ಮುಂಚೆ ಹೊರಗೆ ಮೆಟ್ಟಿಲ ಮೇಲೆ ಬಿಡಬೇಕು!" ಎಂದ ವಿಠೋಬ.

ಬಿಟ್ಟ. ಹೊಳೆದಂಡೆಯ ದೇವಸ್ಥಾನದಲ್ಲಿ ಮೊದಲು ಹೊರಬಂದು ತನ್ನ ಚಪ್ಪಲಿಯ ಪಕ್ಕ ಕೂತ. ನಾಯಿಯೊಂದು ಹಮ್ಮಣ್ಣನ ಚಪ್ಪಲಿ ಕಚ್ಚಿಕೊಂಡು ಓಡಿತು.

"ನೋಡಲಿಲ್ಲವೇನೋ ಮಾರಾಯ?" ಎಂದ ಹಮ್ಮಣ್ಣ, ಒಂದೇ ಚಪ್ಪಲಿಯಲ್ಲಿ ನಿಂತು.

"ನೋಡಿದೆ. ಬಲಗಾಲಿನದು."

"ಓಡಿಸಲಿಲ್ಲ ಯಾಕೆ?"

"ನನ್ನದಲ್ಲವಲ್ಲ!"

"ಪೆದ್ದೇ! ನಿನ್ನದಷ್ಟೇ ಅಲ್ಲ, ಎಲ್ಲರದೂ ನೋಡಿಕೊಳ್ಳಬೇಕು! ಸಾಲಾಗಿ ಜೋಡಿಸಿಡಬೇಕು!"

ಸಂಜೆ ಕೊನೆಯ ದೋಣಿ. ಈ ಮೂವರೂ ಸೇರಿ ಹದಿನೇಳು ಪ್ರಯಾಣಿಕರು. ಎಲ್ಲರೂ ಬುಟ್ಟಿಗೆ ಚಪ್ಪಲಿ ಹಾಕಿ ನೀರಿಗಿಳಿದು ದೋಣಿ ಹತ್ತಿದರು. "ಬುಟ್ಟಿ ನೀನು ತಾ, ಬೊಮ್ಮಯ್ಯ" ಎಂದ ವಿಠೋಬ. ಬೊಮ್ಮಯ್ಯ ಕೊನೆಗೆ ಹತ್ತಿದ.

ನಡುಹೊಳೆಯಲ್ಲಿ ವಿಠೋಬ ಬುಟ್ಟಿ ಇಣುಕಿದ. ಖಾಲಿ.

"ಚಪ್ಪಲಿ ಎಲ್ಲೋ?"

ಬೊಮ್ಮಯ್ಯ ಎದೆಯುಬ್ಬಿಸಿದ. "ದೋಣಿಯೊಳಗೆ ಬರುವ ಮುಂಚೆ ಹೊರಗೆ ಬಿಟ್ಟೆ! ಮೆಟ್ಟಿಲ ಮೇಲೆ! ಎಲ್ಲರದೂ! ಸಾಲಾಗಿ!"

ನೀರಿನ ಇಳಿತ ಶುರುವಾಗಿತ್ತು. ದೋಣಿ ತಿರುಗಿಸುವಂತಿರಲಿಲ್ಲ. ದೋಣಿಯವ ವಿಠೋಬನಿಗೆ ಗದರಿದ: "ನಾಳೆ ಮೊದಲ ದೋಣಿಗೆ ಇವನನ್ನೇ ಕರಕೊಂಡು ಬಾ! ಯಾರದು ಎಲ್ಲಿದೆ ಅಂತ ಗೊತ್ತಿರೋದು ಇವನೊಬ್ಬನಿಗೆ!"

ಬೀರಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. "ಮತ್ತೆ ಕರೆದರೇನೋ ಮಗಾ?"

"ನಾಳೆಯೇ ಕರೆದಿದ್ದಾರೆ, ಆಯಿ! ನಾನಿಲ್ಲದೆ ಆಗೋದೇ ಇಲ್ಲವಂತೆ!"

ಬೀರಮ್ಮ ಆಚೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ನನ್ನ ಮಗನಿಲ್ಲದೆ ಆಗೋದಿಲ್ಲವಂತೆ!" ಆಮೇಲೆ ಅವನ ಕಾಲು ನೋಡಿದಳು.

"ಹೊಸ ಚಪ್ಪಲಿ?"

"ಅಲ್ಲೇ ಇದೆ. ಎಲ್ಲರದರ ಜೊತೆ."

"ಎಲ್ಲರದೂ ಅಂದರೆ ಎಷ್ಟೋ?"

ಬೊಮ್ಮಯ್ಯ ಎಣಿಸಿಯೇ ಇಟ್ಟಿದ್ದ.

"ಮೂವತ್ತಮೂರು."