ಕೂಗಬಾರದೆಂಬ ಕಟ್ಟಳೆ

ಒಂದು ಕಾಡಿನಲ್ಲಿ ಮನುಷ್ಯರನ್ನು ದಿನಕ್ಕೆ ಎರಡು ಸಲ ನೋಡಬಹುದಿತ್ತು. ಬೆಳಿಗ್ಗೆ ಆರಕ್ಕೆ ಒಂದು ಸಲ, ಮಧ್ಯಾಹ್ನ ಮೂರಕ್ಕೆ ಇನ್ನೊಂದು ಸಲ. ಅವರು ಹಸಿರು ಜೀಪುಗಳಲ್ಲಿ ಬರುತ್ತಿದ್ದರು. ಪ್ರಾಣಿಗಳ ಕಣ್ಣಿಗೆ ಬೀಳಬಾರದೆಂದು ಎಲೆಗಳ ಚಿತ್ರವಿರುವ ಅಂಗಿ ತೊಟ್ಟಿರುತ್ತಿದ್ದರು. ಆಮೇಲೆ ಜೀಪಿನಲ್ಲಿ ಎದ್ದು ನಿಂತು, 'ಯಾರೂ ಮಾತಾಡಬೇಡಿ' ಎಂದು ಗಟ್ಟಿಯಾಗಿ ಕೂಗುತ್ತಿದ್ದರು. ಪ್ರತಿಯೊಬ್ಬರ ಕೊರಳಿನಲ್ಲೂ ಹಲಸಿನಕಾಯಿಯಷ್ಟು ಭಾರದ ಕ್ಯಾಮೆರಾ. ಕಾಡನ್ನು ನೋಡಲು ಇನ್ನೂರು ಮೈಲಿ ದೂರದಿಂದ ಬಂದವರು ಆ ಕ್ಯಾಮೆರಾದ ಹಿಂದಿನ ಅಂಗೈಯಗಲದ ಪರದೆಯನ್ನು ನೋಡುತ್ತಾ ಹಿಂದಿರುಗುತ್ತಿದ್ದರು.

ಅವರಿಗೆ ಬೇಕಾದದ್ದು ಚಿರತೆ. ಅದೂ ಹತ್ತಿರದಿಂದ. ಜಿಂಕೆ ಕಂಡರೆ 'ಬರೀ ಜಿಂಕೆ' ಎನ್ನುತ್ತಿದ್ದರು. ಮರ ಕಂಡರೆ ಏನೂ ಅನ್ನುತ್ತಿರಲಿಲ್ಲ.

ಕಾಡಿನ ನಡುವೆ ಒಂದು ಕೆರೆ ಇತ್ತು. ಕೆರೆಯ ದಂಡೆಯ ಮೇಲೆ ಒಂದು ಮತ್ತಿ ಮರ. ಆ ಮರದ ತುದಿಯಲ್ಲಿ ಬೂದಕ್ಕ ಎಂಬ ಮುದಿ ಮುಸುವ ಕೋತಿ ಇದ್ದಳು. ಕರಿಮುಖ, ಬೂದು ಮೈ, ಮೈಗಿಂತ ಉದ್ದದ ಬಾಲ. ಅವಳು ತಿನ್ನುವುದಕ್ಕಿಂತ ಹೆಚ್ಚು ಎಲೆಗಳನ್ನು ಕೆಳಗೆ ಬೀಳಿಸುತ್ತಿದ್ದಳು. ಬಿದ್ದ ಎಲೆಗಳನ್ನು ಜಿಂಕೆಗಳು ತಿನ್ನುತ್ತಿದ್ದವು. ಚಿರತೆ ಕಂಡರೆ ಬೂದಕ್ಕ ಮೇಲಿನಿಂದ 'ಖಕ್! ಖಕ್!' ಎಂದು ಕೂಗುತ್ತಿದ್ದಳು. ಅವಳ ಕಣ್ಣಿಗೆ ಕಾಣದ್ದು ಜಿಂಕೆಗಳ ಮೂಗಿಗೆ ಬಡಿದರೆ ಅವು ಕೆಳಗಿನಿಂದ ಕೂಗುತ್ತಿದ್ದವು. ಅಜ್ಜಿಯ ಕಾಲದಿಂದ ಇದು ಹೀಗೇ ನಡೆದು ಬಂದಿತ್ತು. ಯಾರೂ ಇದಕ್ಕೆ ಸಭೆ ಸೇರಿರಲಿಲ್ಲ, ಹಾಗಾಗಿ ಕೆಟ್ಟಿರಲಿಲ್ಲ.

ಈ ಗುಟ್ಟು ಜೀಪಿನ ಚಾಲಕರಿಗೂ ಗೊತ್ತಿತ್ತು. ಬೂದಕ್ಕ ಕೂಗಿದ ಕಡೆ ಚಿರತೆ ಇರುತ್ತದೆ. ಅವಳು ಬಾಯಿ ತೆರೆದ ಕೂಡಲೇ ಐದು ಜೀಪುಗಳು ಧೂಳೆಬ್ಬಿಸಿಕೊಂಡು ಬಂದು ಕೆರೆಗೂ ಜಿಂಕೆಗಳಿಗೂ ನಡುವೆ ನಿಲ್ಲುತ್ತಿದ್ದವು. ಚಿರತೆ ಆಗಲೇ ಹೋಗಿಬಿಟ್ಟಿರುತ್ತಿತ್ತು. ಜೀಪುಗಳು ಮಾತ್ರ ಹೋಗುತ್ತಿರಲಿಲ್ಲ. ಬೇಸಿಗೆಯ ಬಿಸಿಲಿನಲ್ಲಿ ಜಿಂಕೆಗಳು ನಾಲಿಗೆ ಒಣಗಿಸಿಕೊಂಡು ಕಾಯುತ್ತಿದ್ದವು.

ಅದೇ ಕಾಡಿನಲ್ಲಿ ಒಂದು ಗುಳ್ಳೆನರಿ ಇತ್ತು. ಅದಕ್ಕೆ ಎರಡು ಕೊರಗು. ಮೊದಲನೆಯದು ಹೊಟ್ಟೆಯದು: ಚಿರತೆಗೆ ಬೇಟೆ ಸಿಗುತ್ತಿರಲಿಲ್ಲ, ಅದರ ಎಂಜಲು ನರಿಗೆ ಸಿಗುತ್ತಿರಲಿಲ್ಲ. ಎರಡನೆಯದು ಮಾನದ್ದು. ಕಾಡಿನ ಗೇಟಿನ ಬಳಿ ದೊಡ್ಡ ಹಲಗೆಯೊಂದರ ಮೇಲೆ ಪ್ರಾಣಿಗಳ ಫೋಟೊ ಹಾಕಿದ್ದರು. ಅದರಲ್ಲಿ ಚಿರತೆ ಇತ್ತು, ಆನೆ ಇತ್ತು, ನವಿಲಿತ್ತು, ಒಂದು ಹಲ್ಲಿಯೂ ಇತ್ತು. ನರಿ ಇರಲಿಲ್ಲ. ಒಂದು ದಿನ ಅದು ಬೇಕೆಂದೇ ಜೀಪಿನ ಮುಂದೆ ನಿಧಾನವಾಗಿ ನಡೆಯಿತು. ಅಗಲ ಟೋಪಿಯ ಹೆಂಗಸೊಬ್ಬಳು, 'ನೋಡ್ರೀ, ನಾಯಿ!' ಎಂದಳು. ಅವಳ ಗಂಡ ಕ್ಯಾಮೆರಾ ಕೆಳಗಿಟ್ಟು, 'ನಾಯೀನ ಊರಲ್ಲೇ ನೋಡಬಹುದಿತ್ತು' ಎಂದ. ಆ ರಾತ್ರಿ ನರಿಗೆ ನಿದ್ದೆ ಬರಲಿಲ್ಲ.

ಮರುದಿನ ನರಿ ಚಿರತೆಯ ಬಂಡೆಯತ್ತ ಹೋದದ್ದನ್ನು ಬೂದಕ್ಕ ಮರದ ಮೇಲಿಂದ ಕಂಡಳು. ಮಾತು ಕೇಳಿಸಲಿಲ್ಲ. ಕೇಳಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

'ದೊರೆ, ಊಟ ಮಾಡಿ ಎಷ್ಟು ದಿನವಾಯಿತು?' ಎಂದು ನರಿ ಕೇಳಿತು.

'ಊಟದ ಮಾತೆತ್ತಬೇಡ. ನಾನು ಹೊಂಚು ಹಾಕುತ್ತೇನೆ, ಆ ಕರಿಮೂತಿಯವಳು ಕೂಗುತ್ತಾಳೆ. ಜಿಂಕೆಗಳು ಓಡುತ್ತವೆ, ಜೀಪುಗಳು ಬರುತ್ತವೆ. ಬೇಟೆಗೆ ಹೋದರೆ ಸಂತೆ ನೆರೆಯುತ್ತದೆ.'

'ಅವಳ ಬಾಯಿ ನಾನು ಮುಚ್ಚಿಸುತ್ತೇನೆ. ನೀವು ತಿಂದು ಬಿಟ್ಟದ್ದು ನನಗೆ.'

'ಅಷ್ಟೇನಾ?'

ನರಿ ನೆಲ ನೋಡಿತು. 'ಇನ್ನೊಂದು ಸಣ್ಣ ಆಸೆ. ಅವರು ಫೋಟೊ ಹೊಡೆಯುವಾಗ ಒಂದು ಸಲ ನನ್ನನ್ನೂ ನಿಮ್ಮ ಪಕ್ಕ ಕೂರಿಸಿಕೊಳ್ಳಬೇಕು.'

ಚಿರತೆ ಬಾಯಿ ತೆರೆದು ಆಕಳಿಸಿತು. ನರಿ ಅದನ್ನು ಒಪ್ಪಿಗೆ ಎಂದುಕೊಂಡಿತು.

ಆ ಸಂಜೆ ನರಿ ಹುತ್ತದ ಮೇಲೆ ಹತ್ತಿ ನಿಂತು ಜಿಂಕೆಗಳ ಹಿಂಡನ್ನು ಕರೆಯಿತು. 'ಬಂಧುಗಳೇ, ನಿಮ್ಮ ಬಾಯಾರಿಕೆ ನೋಡಿ ನನ್ನ ಕರುಳು ಕಿವುಚುತ್ತಿದೆ. ಜೀಪುಗಳು ಯಾಕೆ ಬರುತ್ತವೆ? ಕೂಗು ಕೇಳಿ ಬರುತ್ತವೆ. ಕೂಗುವವರು ಯಾರು? ನಾನು ಹೆಸರು ಹೇಳುವುದಿಲ್ಲ.' ಹೆಸರು ಹೇಳದೆ ಮರದ ತುದಿಯನ್ನು ನೋಡಿತು. ಎಲ್ಲರೂ ಅತ್ತ ನೋಡಿದರು.

'ಹೌದು ಕಣಣ್ಣ,' ಎಂದ ಹಿಂಡಿನ ಹಿರಿಯ ಕವಲಯ್ಯ. ಅವನ ಕೊಂಬು ತುಂಬ ದೊಡ್ಡದಾಗಿದ್ದುದರಿಂದ ಅವನನ್ನು ಹಿರಿಯನನ್ನಾಗಿ ಮಾಡಿದ್ದರು. 'ನಿನ್ನೆ ನೀರು ಕಣ್ಣೆದುರೇ ಇತ್ತು, ಕುಡಿಯೋಕೆ ಬಿಡಲಿಲ್ಲ.'

ಬೂದಕ್ಕ ಕೆಳಗಿನ ಕೊಂಬೆಗೆ ಇಳಿದು ಬಂದಳು. 'ಕೂಗದಿದ್ದರೆ ಚಿರತೆ ಬಂದದ್ದು ನಿಮಗೆ ಗೊತ್ತಾಗೋದು ಹೇಗಪ್ಪ?'

ನರಿ ನಕ್ಕಿತು. 'ಅಕ್ಕ, ಚಿರತೆ ಈಗ ಮೊದಲಿನ ಹಾಗಲ್ಲ. ಗೇಟಿನಲ್ಲಿ ಅದರ ಫೋಟೊ ಹಾಕಿದ್ದಾರೆ. ಫೋಟೊ ಹಾಕಿಸಿಕೊಂಡಂಥ ದೊಡ್ಡವರು ಸಿಕ್ಕಸಿಕ್ಕವರ ಕತ್ತು ಹಿಡಿಯುತ್ತಾರೆಯೇ?'

ಜಿಂಕೆಗಳು ಯೋಚಿಸಿದವು. ಮಾತು ಸರಿಯಾಗಿಯೇ ಇದೆ ಅನಿಸಿತು.

ಹಿಂದೆ ನಿಂತಿದ್ದ ಚುಕ್ಕವ್ವ ಎಂಬ ಹೆಣ್ಣುಜಿಂಕೆಗೆ ಹನ್ನೆರಡು ದಿನದ ಮರಿಯಿತ್ತು. 'ಎಳೆ ಮಕ್ಕಳಿರುವವರು ಏನು ಮಾಡಬೇಕು?' ಎಂದು ಅವಳು ಮೆಲ್ಲಗೆ ಕೇಳಿದಳು.

'ಎಳೆ ಮಕ್ಕಳಿಗೇ ಅಲ್ಲವೇ ತಾಯಿ, ನೀರು ಮೊದಲು ಬೇಕಾದದ್ದು?' ಎಂದಿತು ನರಿ, ಕಣ್ಣೊರೆಸಿಕೊಂಡು.

'ಬೂದಕ್ಕ, ಇನ್ನು ನೀನು ಕೂಗಿದರೆ ನಾವು ಬೇರೆ ಮರ ನೋಡಿಕೊಳ್ಳುತ್ತೇವೆ' ಎಂದ ಕವಲಯ್ಯ. ಬೂದಕ್ಕ ತಲೆಯಾಡಿಸಿ ಮೇಲಿನ ಕೊಂಬೆಗೆ ಹತ್ತಿದಳು. ಕೆಳಗೆ ಜಿಂಕೆಗಳ ಮೂಗು ಇಲ್ಲದಿದ್ದರೆ ಮುದಿ ಮುಸುವ ಒಂಟಿಯಾಗಿ ಮರದಲ್ಲಿ ಬದುಕುವುದು ಕಷ್ಟ. ಚಿರತೆಗೆ ಮರ ಹತ್ತಲೂ ಬರುತ್ತದೆ. ಹೀಗೆ, ಯಾರೂ ಕೂಗಬಾರದು ಎಂಬ ಕಟ್ಟಳೆಯನ್ನು ಎಲ್ಲರೂ ಗಟ್ಟಿಯಾಗಿ ಕೂಗಿ ಒಪ್ಪಿದರು.

ಮೂರು ದಿನ ಕೆರೆಯ ಬಳಿ ಒಂದು ಜೀಪೂ ನಿಲ್ಲಲಿಲ್ಲ. ಜಿಂಕೆಗಳು ಹೊಟ್ಟೆ ತುಂಬ ನೀರು ಕುಡಿದು ನರಿಯನ್ನು ಹೊಗಳಿದವು. ನಾಲ್ಕನೆಯ ದಿನ ಒಂದು ಮುದಿ ಜಿಂಕೆ ಕಾಣಲಿಲ್ಲ. 'ಮೇವು ಹುಡುಕಿಕೊಂಡು ಆಚೆ ದಿಣ್ಣೆಗೆ ಹೋಗಿರಬೇಕು' ಎಂದಿತು ನರಿ. ಏಳನೆಯ ದಿನ ಪ್ರಾಯದ ಜಿಂಕೆಯೊಂದು ಕಾಣಲಿಲ್ಲ. 'ಮುದುಕಿಯನ್ನು ಕರೆದುಕೊಂಡು ಬರಲು ಹೋಗಿರಬೇಕು' ಎಂದಿತು ನರಿ.

ಎರಡು ಸಲವೂ ಬೂದಕ್ಕ ಎಲ್ಲವನ್ನೂ ಕಂಡಿದ್ದಳು. ಎರಡು ಸಲವೂ ಕೂಗನ್ನು ನುಂಗಿದ್ದಳು. ಕೊನೆಗೆ ತಡೆಯಲಾರದೆ ಕವಲಯ್ಯನನ್ನು ಕರೆದು, 'ಅವರಿಬ್ಬರನ್ನೂ ಚಿರತೆ ಹಿಡಿಯಿತು. ನಾನೇ ಕಂಡೆ' ಎಂದಳು.

'ನೀನು ಕಂಡಿದ್ದರೆ ಕೂಗುತ್ತಿದ್ದೆ.'

'ಕೂಗಬೇಡ ಅಂತ ನೀವೇ ಹೇಳಿದಿರಿ.'

'ನೀನು ಕೂಗಲಿಲ್ಲ. ಅಂದಮೇಲೆ ಚಿರತೆ ಬಂದಿಲ್ಲ' ಎಂದ ಕವಲಯ್ಯ. ಇಷ್ಟು ಹೇಳಿ ಕೊಂಬನ್ನು ಮರಕ್ಕೆ ಉಜ್ಜಿಕೊಳ್ಳತೊಡಗಿದ. ಮಾತು ಮುಗಿಯಿತು ಎನ್ನುವುದಕ್ಕೆ ಅವನು ಹಾಗೆ ಮಾಡುತ್ತಿದ್ದ.

ನರಿಯ ಹೊಟ್ಟೆ ಈಗ ನೆಲಕ್ಕೆ ತಾಗುತ್ತಿತ್ತು. 'ಏನಪ್ಪ, ಮೈ ಕೈ ತುಂಬಿಕೊಂಡಿದ್ದೀಯ?' ಎಂದು ಬೂದಕ್ಕ ಕೇಳಿದರೆ, 'ನಾಲ್ಕು ಜನಕ್ಕೆ ಉಪಕಾರ ಮಾಡಿದರೆ ಹೀಗೇ ಅಕ್ಕ, ನೀರು ಕುಡಿದರೂ ಮೈಗೆ ಹತ್ತುತ್ತದೆ' ಎಂದಿತು.

ಎಂಟನೆಯ ದಿನ ಸಂಜೆ ಚುಕ್ಕವ್ವ ಒಬ್ಬಳೇ ಮರದ ಬುಡಕ್ಕೆ ಬಂದಳು. 'ಅಕ್ಕ, ನನ್ನ ಮರಿಗೆ ಇನ್ನೂ ಓಡುವುದಕ್ಕೆ ಸರಿಯಾಗಿ ಬರುವುದಿಲ್ಲ.'

'ಕೂಗಿದರೆ ನಿಮ್ಮವರು ನನ್ನನ್ನು ಬಿಟ್ಟು ಹೋಗುತ್ತಾರೆ ಚುಕ್ಕವ್ವ.'

'ಗೊತ್ತು ಅಕ್ಕ. ಗೊತ್ತಿದ್ದೂ ಕೇಳುತ್ತಿದ್ದೇನೆ.'

ಬೂದಕ್ಕ ಒಂದು ಎಳೆ ಚಿಗುರು ಕಿತ್ತು ಕೆಳಗೆ ಹಾಕಿದಳು.

ಮರುದಿನ ಬೆಳಿಗ್ಗೆ ಕೆರೆಯ ಬಳಿ ಒಂದೇ ಒಂದು ಜೀಪು ಬಂತು. ಅದರಲ್ಲಿದ್ದವರು ಬೇಸತ್ತು ನವಿಲಿನ ಫೋಟೊ ಹೊಡೆಯುತ್ತಿದ್ದರು. ಅದೇ ಜೀಪಿನ ನೆರಳಿನಲ್ಲಿ, ಅವರ ಬೆನ್ನಿನಿಂದ ನಾಲ್ಕು ಮಾರು ಹಿಂದೆ, ಚಿರತೆ ಹೊಟ್ಟೆ ನೆಲಕ್ಕಿಟ್ಟು ತೆವಳುತ್ತಿತ್ತು. ಅಷ್ಟು ಹತ್ತಿರದಿಂದ ಚಿರತೆ ನೋಡುವ ಯೋಗ ಯಾರಿಗೂ ಸಿಕ್ಕಿರಲಿಲ್ಲ. ಒಬ್ಬರೂ ತಿರುಗಿ ನೋಡಲಿಲ್ಲ.

ನೀರಿನ ಅಂಚಿನಲ್ಲಿ ಚುಕ್ಕವ್ವನ ಮರಿ ಕಾಲಗಲಿಸಿ ನಿಂತು ತನ್ನದೇ ನೆರಳನ್ನು ಮೂಸುತ್ತಿತ್ತು.

ಬೂದಕ್ಕ ಕವಲಯ್ಯನನ್ನು ನೋಡಿದಳು. ಅವನು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದ. ಮರಿಯನ್ನು ನೋಡಿದಳು. ಆಮೇಲೆ ಒಂಬತ್ತು ದಿನ ನುಂಗಿದ್ದೆಲ್ಲ ಒಟ್ಟಿಗೇ ಹೊರಬಂತು.

'ಖಕ್! ಖಕ್! ಖಕ್!'

ಕಟ್ಟಳೆ ತಲೆಯಲ್ಲಿತ್ತು, ಓಟ ಕಾಲಿನಲ್ಲಿತ್ತು. ತಲೆಗೆ ಸುದ್ದಿ ಮುಟ್ಟುವ ಮೊದಲೇ ಜಿಂಕೆಗಳ ಕಾಲು ಓಡಿದ್ದವು. ಎಲ್ಲರಿಗಿಂತ ಮುಂದೆ ಕವಲಯ್ಯ. ಚಿರತೆ ನೆಗೆಯಿತು. ಮರಿ ಅಡ್ಡಡ್ಡ ಕಾಲು ಹಾಕುತ್ತಾ ತಾಯಿಯ ಬೆನ್ನು ಹಿಡಿದು ಪೊದೆ ಸೇರಿತು. ಚಿರತೆಯ ಪಂಜಕ್ಕೆ ಸಿಕ್ಕಿದ್ದು ಬಾಲದ ನಾಲ್ಕು ಕೂದಲು.

ಒಂಬತ್ತು ದಿನದಿಂದ ಈ ಕೂಗಿಗಾಗಿ ಕಾದಿದ್ದ ಜೀಪುಗಳು ಮೂರೂ ಕಡೆಯಿಂದ ನುಗ್ಗಿ ಬಂದವು. ಒಂದು ಕಡೆ ಕೆರೆ, ಉಳಿದ ಕಡೆ ಜೀಪು. 'ಇನ್ನೂ ಸ್ವಲ್ಪ ಹತ್ತಿರ' ಎಂದು ಮೊದಲ ಜೀಪಿನವರು ಹೇಳಿದರು. 'ನಮಗೆ ಅಡ್ಡ ಬರ್ತಿದೆ, ಇನ್ನೂ ಹತ್ತಿರ' ಎಂದು ಎರಡನೆಯವರು ಹೇಳಿದರು. ಹಸಿದ ಚಿರತೆ ನಡುವೆ ಕೂತು ಹಲ್ಲು ಕಡಿಯುತ್ತಿತ್ತು.

ನರಿ ಪೊದೆಯಲ್ಲಿ ತನ್ನ ಪಾಲಿನ ಊಟಕ್ಕಾಗಿ ಕಾಯುತ್ತಿತ್ತು. ಊಟ ತಪ್ಪಿತು. ಆದರೆ ಇಪ್ಪತ್ತು ಕ್ಯಾಮೆರಾಗಳು ಒಟ್ಟಿಗೆ ಒಂದೇ ಕಡೆ ತಿರುಗಿದ್ದವು. ಹಲಗೆಯ ಮೇಲಿನ ಹಲ್ಲಿ ಅದಕ್ಕೆ ನೆನಪಾಯಿತು. ಬಾಲದ ಧೂಳು ಕೊಡವಿಕೊಂಡು, ಜೀಪಿನ ಚಕ್ರಗಳ ನಡುವೆ ನುಸುಳಿ, ಚಿರತೆಯ ಮುಂದೆ ಬಂದು ನಿಂತಿತು.

'ದೊರೆ, ಮಾತು ಕೊಟ್ಟಿದ್ದಿರಿ' ಎಂದಿತು. ಚಿರತೆಗೆ ಬೆನ್ನು ಮಾಡಿ ಕೂತು, ಕತ್ತು ಎತ್ತಿ, ಕ್ಯಾಮೆರಾಗಳ ಕಡೆ ಮುಖವಿಟ್ಟಿತು.

ಕ್ಯಾಮೆರಾಗಳು ಒಣಗಿದ ಹುಣಸೆಕಾಯಿಯಂತೆ ಚಟಪಟ ಎಂದವು. ನರಿಯ ಹಿಂದೆ ಚಿರತೆ ಎದ್ದು ನಿಂತಿತು. ಅದನ್ನು ಪೊದೆಯಿಂದ ಜಿಂಕೆಗಳು ಕಂಡವು. ಯಾವುದೂ ಉಸಿರೆತ್ತಲಿಲ್ಲ. ಕಟ್ಟಳೆಯನ್ನು ಇನ್ನೂ ಯಾರೂ ತೆಗೆದುಹಾಕಿರಲಿಲ್ಲವಲ್ಲ! ಬೂದಕ್ಕನೂ ಕಂಡಳು. ಅಭ್ಯಾಸಬಲದಿಂದ ಬಾಯಿ ತೆರೆದಳು. ಒಂದು ಬೆಳಿಗ್ಗೆಗೆ ಒಂದು ತಪ್ಪು ಸಾಕು ಎಂದುಕೊಂಡು ಮುಚ್ಚಿಕೊಂಡಳು.

ಮುಂದೆ ಬಿದ್ದ ನೆರಳು ನೋಡಿ ನರಿಗೆ ಗೊತ್ತಾಯಿತು. ಬಂದ ದಾರಿಯಲ್ಲೇ ಓಡಲು ತಿರುಗಿತು. ಅಷ್ಟರಲ್ಲಿ ಐದನೆಯ ಜೀಪಿನವರು 'ಇನ್ನೂ ಸ್ವಲ್ಪ ಹತ್ತಿರ' ಎಂದಿದ್ದರು. ಉಳಿದಿದ್ದ ಒಂದು ಸಂದಿಯೂ ಮುಚ್ಚಿಹೋಗಿತ್ತು.

ಎಲ್ಲ ಮುಗಿದ ಮೇಲೆ ಜೀಪಿನವರು ಒಬ್ಬರಿಗೊಬ್ಬರು ಕೈ ಕುಲುಕಿದರು.

ಸಂಜೆ ಕವಲಯ್ಯ ಮತ್ತಿ ಮರದ ಕೆಳಗೆ ಬಂದು ಸ್ವಲ್ಪ ಹೊತ್ತು ಕೆಮ್ಮಿದ. 'ಕೂಗಬೇಡ ಅಂದದ್ದು ನರಿ. ನಾನು ಮೊದಲಿಂದಲೂ ನಿನ್ನ ಕಡೆಯೇ ಇದ್ದೆ ಅಕ್ಕ' ಎಂದ. ಬೂದಕ್ಕ ಅವನ ಕೊಂಬಿನ ಮೇಲೆ ಒಂದು ಒಣ ಕೊಂಬೆ ಬೀಳಿಸಿದಳು. ಚುಕ್ಕವ್ವನ ಮರಿಗೆ ಮಾತ್ರ ಚಿಗುರು ಹಾಕಿದಳು. ಅಂದಿನಿಂದ ಮತ್ತೆ ಜೀಪುಗಳು ಬರತೊಡಗಿದವು. ಜಿಂಕೆಗಳು ಮತ್ತೆ ಬಾಯಾರಿ ಕಾಯುತ್ತಿದ್ದವು. ಆದರೆ ಯಾರೂ ಆಚೆ ದಿಣ್ಣೆಗೆ ಹೋಗಲಿಲ್ಲ.

ನರಿಯ ಆಸೆಯೂ ನೆರವೇರಿತು. ಗೇಟಿನ ಹಲಗೆಯ ಮೇಲೆ, ಹಲ್ಲಿಗಿಂತ ಮೇಲೆ, ಎಲ್ಲಕ್ಕಿಂತ ದೊಡ್ಡ ಫೋಟೊ ಬಂತು. ಕೆಳಗೆ ದಪ್ಪ ಅಕ್ಷರದಲ್ಲಿ, 'ಚಿರತೆಯ ಬಾಯಲ್ಲಿ ನಾಯಿ' ಎಂದು ಬರೆದಿದ್ದರು. ಅಗಲ ಟೋಪಿಯ ಹೆಂಗಸು ಅದರ ಮುಂದೆ ನಿಂತು ಗಂಡನ ಭುಜ ತಟ್ಟಿದಳು. 'ನೋಡ್ರೀ, ನಾನು ಅವತ್ತೇ ಹೇಳಿರಲಿಲ್ವಾ?'

ನೀತಿ: ಕಾವಲು ಕಾಯುವವರ ಬಾಯಿ ಮುಚ್ಚಿಸಿದವನಿಗೆ, ಅಪಾಯ ತನ್ನ ಬೆನ್ನ ಹಿಂದೆಯೇ ಬಂದಾಗ ಎಚ್ಚರಿಸುವವರು ಯಾರೂ ಉಳಿಯುವುದಿಲ್ಲ.