ಹಾಲು ಕುಡಿದ ಬಾಯಿ

ನಮ್ಮ ಸೀಮೆಯ ಗೌಡರೊಬ್ಬರ ಮನೆಯಲ್ಲಿ ದಿನಾ ಒಂದು ಬಟ್ಟಲು ಹಾಲು ಕಡಿಮೆ ಬೀಳುತ್ತಿತ್ತಂತೆ. ಗೌಡರಿಗೆ ಬೆಕ್ಕಿನ ಮೇಲೂ ಗುಮಾನಿ, ಸೊಸೆಯ ಮೇಲೂ ಗುಮಾನಿ.

"ನಿಂಬೆವ್ವಾ, ಇವತ್ತ ಕಳ್ಳರನ್ನ ಹಿಡದು ಕೊಡು. ಇಲ್ಲಾಂದ್ರ ನಿನ್ನ ಕೆಲಸ ಹೋತು!" ಎಂದು ಅಡಿಗೆಯವಳಿಗೆ ಗದರಿದರು.

ನಿಂಬೆವ್ವ ಮನೆಮಂದಿಗೆಲ್ಲ ಒಂದೊಂದು ಖಡಕ್ ರೊಟ್ಟಿ ಕೊಟ್ಟಳು. "ಇದನ್ನ ಕಡೀಲಾರದವರ ಹಾಲು ಕುಡದವರು, ಗೌಡ್ರ."

ಎಲ್ಲರ ಬಾಯಲ್ಲೂ ಕಟಕಟ ಸದ್ದು. ಗೌಡರು ಒಬ್ಬೊಬ್ಬರ ಬಾಯಿಗೂ ಕಿವಿ ಕೊಟ್ಟರು. ಅವರ ತಾಯಿ ಮಾತ್ರ ರೊಟ್ಟಿ ಹಿಡಿದು ಸುಮ್ಮನೆ ಕೂತಿದ್ದಳು.

"ಯವ್ವಾ, ನೀನಾ?"

"ಅವ್ವಾರ ಹಲ್ಲು ಬಿದ್ದು ನಾಕು ತಿಂಗಳಾತು," ಅಂದಳು ನಿಂಬೆವ್ವ. "ಬಾಜೂಕ ಕುಂತು ಉಣ್ಣೋ ನಿಮಗ ಕಾಣಲಿಲ್ಲ. ದಿನಾ ನಾನ ರೊಟ್ಟಿ ಹಾಲಿನ್ಯಾಗ ನೆನಸಿ ಕೊಡತಿದ್ದೆ."

ಗೌಡರ ಮುಖ ಸಣ್ಣದಾಯಿತು. ತಾವೇ ರೊಟ್ಟಿ ಮುರಿದು ಹಾಲಿಗೆ ಹಾಕಿ, ತಾಯಿಯ ಮುಂದೆ ಹಿಡಿದರು.

ಮುದುಕಿ ಬಟ್ಟಲನ್ನು ನೋಡಿದಳು, ಮಗನನ್ನು ನೋಡಿದಳು. "ಏನ್ ಬೇಕಾಗೇತೋ ನಿನಗ?" ಅಂದಳು.