ಕ್ಯೂ ಗುಂಡಿಯ ಸ್ಪ್ರಿಂಗ್

ನಲವತ್ತು ವರ್ಷದ ಹಳೆಯ ಕಂಪ್ಯೂಟರೊಂದು ರಿಪೇರಿಗೆ ಬಂದಿತ್ತು. ಅದರ ಕೀಬೋರ್ಡಿನಲ್ಲಿ ಇಂಗ್ಲಿಷಿನ ಎ ಗುಂಡಿಯ ಸ್ಪ್ರಿಂಗ್ ಮುರಿದುಹೋಗಿ, ಒತ್ತಿದರೆ ಗುಂಡಿ ಮೇಲೇಳುತ್ತಿರಲಿಲ್ಲ. ಅಂಥ ಸ್ಪ್ರಿಂಗ್ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ರಿಪೇರಿಯ ಪರಮೇಶಾಚಾರಿ ಒಂದಿಷ್ಟೂ ಸವೆಯದ ಕ್ಯೂ ಗುಂಡಿಯತ್ತ ಚಿಮಟ ಚಾಚಿದ.

"ನನ್ನ ಸ್ಪ್ರಿಂಗ್ ಕೀಳುತ್ತಿದ್ದಾನೆ. ನೀವೆಲ್ಲ ಸುಮ್ಮನೆ ನೋಡುತ್ತ ಕೂತಿದ್ದೀರಾ?" ಎಂದು ಕ್ಯೂ ಉಳಿದ ಗುಂಡಿಗಳ ಮೇಲೆ ಕೆರಳಿತು.

"ದಿನವಿಡೀ ಏಟು ತಿಂದದ್ದು ನಾನು," ಎಂದಿತು ಎ. "ನಿನ್ನನ್ನು ಯಾರು ಕರೆಯುತ್ತಾರೆ? ಹೊಳೆಯುತ್ತ ಕೂರುವುದಕ್ಕೆ ಸ್ಪ್ರಿಂಗ್ ಯಾಕೆ?"

"ಕರೆಯುವವರು ಕಡಿಮೆ, ನಿಜ. ಆದರೆ ಅವರಿಗೆ ನನ್ನ ಬದಲು ನೀನು ಆಗುವುದಿಲ್ಲ. ಅವರನ್ನು ಒಂದು ಮಾತು ಕೇಳಿದಿರಾ?"

ಅಷ್ಟರಲ್ಲಿ ಸ್ಪ್ರಿಂಗ್ ಎ ಪಾಲಾಯಿತು.

ಸಂಜೆ ಕಂಪ್ಯೂಟರಿನ ಒಡತಿ, ನಿವೃತ್ತ ಟೀಚರ್ ಒಬ್ಬರು ಬಂದು, ಪರೀಕ್ಷಿಸಿ ನೋಡಲೆಂದು ತಮ್ಮ ಹೆಸರು ಟೈಪ್ ಮಾಡಿದರು. ಪರದೆಯ ಮೇಲೆ ಮೂಡಿದ್ದು 'ಅಮರುನ್ನಿಸಾ'.

"ಆಚಾರ್ರೇ, ನಾನು ಖಮರುನ್ನಿಸಾ. ಇಂಗ್ಲಿಷಿನಲ್ಲಿ ನನ್ನ ಹೆಸರು ಶುರುವಾಗುವುದೇ ಕ್ಯೂನಿಂದ. ಅದಕ್ಕೇನಾಯಿತು?"

"ಅದರ ಸ್ಪ್ರಿಂಗ್ ತೆಗೆದು ಎ ಗುಂಡಿಗೆ ಹಾಕಿದೆ, ಮೇಡಂ. ಕ್ಯೂ ಯಾರಿಗೂ ಅಷ್ಟಾಗಿ ಬೇಕಾಗುವುದಿಲ್ಲ."

"ಹಾಗಾದರೆ ನಾನು ಯಾರೂ ಅಲ್ಲವೇ?"

ಆಚಾರಿ ತಲೆ ತಗ್ಗಿಸಿದ. ತೆಳುವಾದ ಉಕ್ಕಿನ ತಂತಿಯೊಂದನ್ನು ಹುಡುಕಿ ತೆಗೆದು, ಮೊಳೆಗೆ ಬಿಗಿಯಾಗಿ ಸುತ್ತುತ್ತ, ಬೆಳಗ್ಗೆಯೇ ಮಾಡಬಹುದಾಗಿದ್ದ ಹೊಸ ಸ್ಪ್ರಿಂಗನ್ನು ಕೈಯಾರೆ ಮಾಡತೊಡಗಿದ.